ನಾಲ್ಕು ರೀಮ್ ಕಾಗದದಷ್ಟು ಭಾರ

ಲಗ್ನಪತ್ರಿಕೆಯಲ್ಲಿ ತಪ್ಪಾಗಲೇಬಾರದ ಜಾಗ ಮೂರು. ಹೆಸರು, ತಾರೀಖು, ಛತ್ರ. ಉಳಿದ ಕಡೆ ಒಂದು ಒತ್ತು, ಒಂದು ದೀರ್ಘ ಹೆಚ್ಚುಕಮ್ಮಿಯಾದರೆ ಯಾರೂ ಜಗಳಕ್ಕೆ ಬರುವುದಿಲ್ಲ. 2024ರ ಫೆಬ್ರವರಿಯಲ್ಲಿ ನಾನು ತಾರೀಖನ್ನೇ ತಪ್ಪು ಹಾಕಿದೆ. 12ರ ಮದುವೆ 21 ಅಂತ ಅಚ್ಚಾಯಿತು. ಐನೂರು ಕಾರ್ಡು.

ಹುಡುಗಿಯ ಅಪ್ಪ ಕಾರ್ಡಿನ ಕಟ್ಟು ತಂದು ಮೇಜಿನ ಮೇಲೆ ಇಟ್ಟರು. ಕೂಗಾಡಲಿಲ್ಲ. ಕೂಗಾಡಿದ್ದರೇ ವಾಸಿ ಇತ್ತು. "ಮದುವೆ ಮುಗಿದು ಒಂಬತ್ತು ದಿನ ಆದ ಮೇಲೆ ಊಟಕ್ಕೆ ಕರೀತಿದೀರಲ್ರಿ ನೆಂಟರನ್ನ" ಅಂದರು, ಅಷ್ಟೇ. ಪ್ರೂಫ್ ಅವರೂ ನೋಡಿ ಸಹಿ ಹಾಕಿದ್ದರು. ಆದರೆ ಟೈಪ್ ಮಾಡಿದವನು ನಾನು. ಐನೂರೂ ಕಾರ್ಡು ನನ್ನ ಖರ್ಚಿನಲ್ಲೇ ಮತ್ತೆ ಹೊಡೆದುಕೊಟ್ಟೆ.

ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಹದಿನೆಂಟು ವರ್ಷದಿಂದ ಇದೇ ಕೆಲಸ. ಇಂಥ ತಪ್ಪು ಹಿಂದೆ ಆಗಿರಲಿಲ್ಲ. ಹೇಗಾಯಿತು ಅಂತ ನನಗೆ ಗೊತ್ತಿತ್ತು, ಹೇಳಿಕೊಳ್ಳಲು ನಾಚಿಕೆ. ಟೈಪ್ ಮಾಡುತ್ತಾ ಮಾಡುತ್ತಾ ನಿದ್ದೆ ಹೋಗುತ್ತಿದ್ದೆ. ಅದಕ್ಕೆ ಹದಿನೈದು ದಿನ ಮುಂಚೆ ಒಂದು ಮಧ್ಯಾಹ್ನ ಯಾವುದೋ ಸಂಘದ ವಾರ್ಷಿಕ ವರದಿ ಮಾಡುತ್ತಾ ಕೂತಿದ್ದೆ. ಎಚ್ಚರವಾದಾಗ ಪರದೆ ತುಂಬಾ 'ಕಕಕಕಕಕ'. ಬೆರಳು ಕೀ ಮೇಲೆ ಹಾಗೇ ಇತ್ತು. ಎರಡೂವರೆ ಪುಟ 'ಕ' ಬಂದಿತ್ತು. ಅಂಗಡಿ ಹುಡುಗ ಅದನ್ನ ಫೋಟೋ ಹೊಡೆದಿಟ್ಟುಕೊಂಡಿದ್ದ. ಆವತ್ತು ನಾನೂ ನಕ್ಕಿದ್ದೆ.

ಆಗಿನ ನನ್ನ ದಿನಚರಿ ಹೀಗಿತ್ತು. ಬೆಳಿಗ್ಗೆ ಎಂಟೂವರೆಗೆ ಏಳುವುದು, ಎದ್ದಾಗಲೇ ಸುಸ್ತು. ಹತ್ತು ಗಂಟೆಗೆ ಮಂಡಕ್ಕಿ ಒಗ್ಗರಣೆ, ಜೊತೆಗೆ ಮಿರ್ಚಿ. ವಾರಕ್ಕೆ ಎರಡು ಸಲ ಬೆಣ್ಣೆದೋಸೆ. ದಾವಣಗೆರೆಯವರಿಗೆ ಇದನ್ನೆಲ್ಲ ವಿವರಿಸಬೇಕಿಲ್ಲ. ಮಧ್ಯಾಹ್ನದ ಊಟ ಮೂರೂವರೆಗೆ, ಗಿರಾಕಿ ಬಿಟ್ಟಾಗ. ಸಂಜೆ ಏಳಕ್ಕೆ ಪುನಃ ಖಾರ ಮಂಡಕ್ಕಿ, ನಾಲ್ಕು ಮಿರ್ಚಿ. ರಾತ್ರಿ ಮನೆಗೆ ಬಂದು ಊಟಕ್ಕೆ ಕೂರುವಾಗ ಹತ್ತೂಮುಕ್ಕಾಲು. ನಾಲ್ಕು ಜೋಳದ ರೊಟ್ಟಿ, ಪಲ್ಯ, ಮೇಲೆ ಅನ್ನ ಸಾರು. ಆಮೇಲೆ ಮೊಬೈಲು. ಒಂದು ಗಂಟೆಗೆ ನಿದ್ದೆ. ಇದರ ನಡುವೆ ಏಳು ಟೀ.

ತೂಕ ಇಳಿಸಲು ಪ್ರಯತ್ನ ಮಾಡಿರಲಿಲ್ಲ ಅಂತೇನಿಲ್ಲ. ಬಿಸಿನೀರಿಗೆ ನಿಂಬೆಹಣ್ಣು, ಜೇನುತುಪ್ಪ ಹಾಕಿ ಆರು ತಿಂಗಳು ಕುಡಿದೆ. ಆರು ತಿಂಗಳಲ್ಲಿ ಕರಗಿದ್ದು ಜೇನುತುಪ್ಪದ ಬಾಟಲಿ ಮಾತ್ರ. ಒಂದು ವರ್ಷದ ಜಿಮ್ ಫೀಸು ಒಟ್ಟಿಗೆ ಕಟ್ಟಿ ಹನ್ನೊಂದು ದಿನ ಹೋದೆ. ರಾತ್ರಿ ಊಟ ಬಿಟ್ಟು ನೋಡಿದೆ. ಹನ್ನೆರಡು ಗಂಟೆಗೆ ಅಡುಗೆಮನೆಗೆ ನುಗ್ಗಿ ಶೇಂಗಾ ಉಂಡೆ ಡಬ್ಬಿ ಖಾಲಿ ಮಾಡಿದೆ. ಪ್ರತಿ ಸಲವೂ ನನಗೆ ಬಾಯಿಚಪಲ ಜಾಸ್ತಿ, ಮನಸ್ಸು ಗಟ್ಟಿಯಿಲ್ಲ ಅಂತಲೇ ಅಂದುಕೊಂಡೆ. ಮನೆಯವರೂ ಹಾಗೇ ಅಂದುಕೊಂಡರು.

ಕಾರ್ಡಿನ ಪ್ರಸಂಗ ಆದ ವಾರದಲ್ಲಿ ಹೆಂಡತಿ ಬಲವಂತವಾಗಿ ಫಿಸಿಷಿಯನ್ ಹತ್ತಿರ ಕರೆದುಕೊಂಡು ಹೋದಳು. ನನಗಾಗ ನಲವತ್ತನಾಲ್ಕು. ಎತ್ತರ 168 ಸೆಂಟಿಮೀಟರ್, ತೂಕ 88.4 ಕಿಲೋ. ಎತ್ತರಕ್ಕೆ ತೂಕ ಎಷ್ಟು ಅಂತ ತೋರಿಸುವ ಬಿಎಂಐ 31. ನಮ್ಮ ದೇಶದವರಿಗೆ 23 ದಾಟಿದರೇ ಜಾಸ್ತಿ ತೂಕ, 25 ದಾಟಿದರೆ ಬೊಜ್ಜು ಅಂತ ಲೆಕ್ಕ. ಬಿಳಿಯರಿಗಿಂತ ನಮಗೆ ಹೊಟ್ಟೆಯೊಳಗೆ ಕೊಬ್ಬು ಬೇಗ ಕೂರುತ್ತದೆ, ಅದಕ್ಕೇ ಗೆರೆ ಕೆಳಗೆ. ಗಂಡಸರ ಸೊಂಟ 90 ಸೆಂಟಿಮೀಟರ್ ಒಳಗಿರಬೇಕು, ನನ್ನದು 104. ಬಿಪಿ 142/92. ಖಾಲಿ ಹೊಟ್ಟೆಯ ಶುಗರ್ 114. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.1. ಅದು 6.5 ಮುಟ್ಟಿದರೆ ಸಕ್ಕರೆ ಕಾಯಿಲೆ. ನಾನು ಹೊಸ್ತಿಲ ಮೇಲೆ ನಿಂತಿದ್ದೆ, ಒಂದು ಕಾಲು ಒಳಗೇ ಇತ್ತು ಅನ್ನಿ.

ಡಾಕ್ಟರು ಇದನ್ನೆಲ್ಲ ನೋಡಿ ಊಟದ ಬಗ್ಗೆ ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಟೇಪ್ ತೆಗೆದು ನನ್ನ ಕತ್ತು ಅಳೆದರು. 42 ಸೆಂಟಿಮೀಟರ್. "ಗೊರಕೆ ಹೊಡೀತೀರಾ?" ಅಂದರು. ನಾನು "ಸ್ವಲ್ಪ" ಅನ್ನುವಷ್ಟರಲ್ಲಿ ಹಿಂದೆ ಕೂತಿದ್ದ ಹೆಂಡತಿ ಮೊಬೈಲ್ ತೆಗೆದು ರೆಕಾರ್ಡಿಂಗ್ ಹಾಕಿಬಿಟ್ಟಳು. ಯಾವಾಗ ಮಾಡಿಟ್ಟುಕೊಂಡಿದ್ದಳೋ ಏನೋ. ಆ ಸಣ್ಣ ರೂಮಿನಲ್ಲಿ ನನ್ನ ಗೊರಕೆ ರೈಸ್ ಮಿಲ್ ಥರ ಶುರುವಾಯಿತು. ನನಗೆ ನಗು ಬಂತು.

ಆಮೇಲೆ ಶಬ್ದ ನಿಂತಿತು. ರೆಕಾರ್ಡಿಂಗ್ ಮುಗಿಯಿತು ಅಂದುಕೊಂಡೆ. ಮುಗಿದಿರಲಿಲ್ಲ. ಫ್ಯಾನಿನ ಸದ್ದು ಕೇಳುತ್ತಿತ್ತು, ದೂರದಲ್ಲಿ ಒಂದು ನಾಯಿ. ಉಸಿರಿಲ್ಲ. ಡಾಕ್ಟರು ಗೋಡೆ ಗಡಿಯಾರ ನೋಡುತ್ತಾ ಕೂತರು. ಇಪ್ಪತ್ತೆರಡು ಸೆಕೆಂಡ್. ಆಮೇಲೆ ನೀರಿನಲ್ಲಿ ಮುಳುಗಿದವನು ಮೇಲೆ ಬಂದ ಹಾಗೆ ಒಂದು ಸಲ ಉಸಿರೆಳೆದ ಸದ್ದು, ಮತ್ತೆ ಗೊರಕೆ. ಹೆಂಡತಿ ಮೆತ್ತಗೆ, "ನಾನು ಎಷ್ಟೋ ಸಲ ಎದ್ದು ಅಲ್ಲಾಡಿಸಿದೀನಿ ಡಾಕ್ಟ್ರೇ" ಅಂದಳು. ನನಗೆ ಅದು ಅವತ್ತೇ ಗೊತ್ತಾಗಿದ್ದು.

ಇದಕ್ಕೆ ಸ್ಲೀಪ್ ಆಪ್ನಿಯಾ ಅನ್ನುತ್ತಾರೆ. ಮಲಗಿದಾಗ ಗಂಟಲಿನ ಮಾಂಸ ಸಡಿಲವಾಗಿ ಗಾಳಿಯ ದಾರಿ ಮುಚ್ಚಿಕೊಳ್ಳುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮಿದುಳು ಗಾಬರಿಯಾಗಿ ಎಬ್ಬಿಸುತ್ತದೆ. ಪೂರ್ತಿ ಎಚ್ಚರ ಆಗುವುದಿಲ್ಲ, ಹಾಗಾಗಿ ಬೆಳಿಗ್ಗೆ ನೆನಪಿರುವುದಿಲ್ಲ. ಕತ್ತು, ಹೊಟ್ಟೆ ದಪ್ಪ ಇರುವವರಲ್ಲಿ ಜಾಸ್ತಿ, ತೆಳ್ಳಗಿರುವವರಿಗೂ ಬರಬಹುದು. ಮನೆಯಲ್ಲೇ ಒಂದು ರಾತ್ರಿ ಪರೀಕ್ಷೆ ಮಾಡಿಸಿದರು. ಬೆರಳಿಗೆ ಕ್ಲಿಪ್, ಎದೆಗೆ ಪಟ್ಟಿ, ಮೂಗಿಗೆ ಸಣ್ಣ ಕೊಳವೆ. ಗಂಟೆಗೆ ಹತ್ತೊಂಬತ್ತು ಸಲ ನನ್ನ ಉಸಿರು ನಿಲ್ಲುತ್ತಿತ್ತು ಅಥವಾ ಅರ್ಧಕ್ಕಿಳಿಯುತ್ತಿತ್ತು. ಹತ್ತು ಸೆಕೆಂಡ್‌ಗಿಂತ ಜಾಸ್ತಿ ಆದರೆ ಮಾತ್ರ ಲೆಕ್ಕಕ್ಕೆ ತಗೊಳ್ಳುತ್ತಾರಂತೆ. ಐದರೊಳಗೆ ಇದ್ದರೆ ಪರವಾಗಿಲ್ಲ, ಹದಿನೈದರಿಂದ ಮೂವತ್ತು ಮಧ್ಯಮ, ಮೂವತ್ತು ದಾಟಿದರೆ ತೀವ್ರ. ಆಮ್ಲಜನಕ ಒಂದು ಹೊತ್ತಿನಲ್ಲಿ 81ಕ್ಕೆ ಇಳಿದಿತ್ತು. ಕೋವಿಡ್ ಟೈಮಿನಲ್ಲಿ 94ಕ್ಕೆ ಇಳಿದರೆ ಓಡಾಡಿದವರು ನಾವು. ಇಲ್ಲಿ ನಾನು ಮಲಗಿಕೊಂಡೇ 81 ಮಾಡಿಕೊಂಡಿದ್ದೆ.

ಆವತ್ತು ಡಾಕ್ಟರು ಹೇಳಿದ ಒಂದು ಮಾತು ನನಗೆ ತಟ್ಟಿತು. ನಿದ್ದೆ ಕೆಟ್ಟರೆ ಹಸಿವು ಹುಟ್ಟಿಸುವ ಹಾರ್ಮೋನ್ ಏರುತ್ತದೆ, ಸಾಕು ಅನ್ನಿಸುವ ಹಾರ್ಮೋನ್ ಇಳಿಯುತ್ತದೆ. ಗ್ರೆಲಿನ್, ಲೆಪ್ಟಿನ್ ಅಂತ ಅವುಗಳ ಹೆಸರು. ನಿದ್ದೆಗೆಟ್ಟವನಿಗೆ ಸೌತೆಕಾಯಿ ಬೇಕು ಅನ್ನಿಸುವುದಿಲ್ಲ, ಕರಿದಿದ್ದು, ಸಿಹಿ ಬೇಕು ಅನ್ನಿಸುತ್ತದೆ. ಷಿಕಾಗೊ ವಿಶ್ವವಿದ್ಯಾಲಯದವರು 2022ರಲ್ಲಿ ಪ್ರಕಟಿಸಿದ ಅಧ್ಯಯನ ಒಂದನ್ನೂ ಹೇಳಿದರು. ಆರೂವರೆ ಗಂಟೆಗಿಂತ ಕಡಿಮೆ ಮಲಗುತ್ತಿದ್ದ, ತೂಕ ಜಾಸ್ತಿ ಇದ್ದ ಎಂಬತ್ತು ಜನರ ಮೇಲೆ ಮಾಡಿದ್ದು. ನಿದ್ದೆಯ ಬಗ್ಗೆ ಸಲಹೆ ಪಡೆದವರು ಒಂದು ಗಂಟೆಗಿಂತ ಸ್ವಲ್ಪ ಹೆಚ್ಚೇ ಮಲಗಿದರು. ಊಟದ ಬಗ್ಗೆ ಅವರಿಗೆ ಯಾರೂ ಏನೂ ಹೇಳಿರಲಿಲ್ಲ. ಆದರೂ ದಿನಕ್ಕೆ ಸುಮಾರು 270 ಕ್ಯಾಲೊರಿ ಕಡಿಮೆ ತಿಂದರು. ಹಾಗಾದರೆ ಇಷ್ಟು ವರ್ಷ ನಾನು ಬಾಯಿಚಪಲ ಅಂದುಕೊಂಡಿದ್ದರಲ್ಲಿ ಒಂದು ಪಾಲಾದರೂ ನಿದ್ದೆಯ ಸಾಲ ಇರಬೇಕು.

ಸಿಪ್ಯಾಪ್ ಅನ್ನುವ ಮಷೀನು ಬಾಡಿಗೆಗೆ ತಂದೆವು. ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಮಲಗಬೇಕು, ಅದು ಗಾಳಿ ಒತ್ತಿ ಗಂಟಲಿನ ದಾರಿ ತೆರೆದಿಡುತ್ತದೆ. ಮೊದಲ ರಾತ್ರಿ ಮಗಳು ಬಾಗಿಲಲ್ಲಿ ನಿಂತು, "ಅಪ್ಪಾಜಿ, ವಿಮಾನ ಎಷ್ಟೊತ್ತಿಗೆ?" ಅಂದಳು. ಮೂರು ರಾತ್ರಿ ಕಿತ್ತು ಬಿಸಾಡಿದೆ. ಬಾಯಿ ಒಣಗುತ್ತಿತ್ತು, ಮೂಗಿನ ಮೇಲೆ ಗೆರೆ ಬೀಳುತ್ತಿತ್ತು. ಸಂಜೆ ಟಿವಿ ನೋಡುವಾಗ ಸುಮ್ನೆ ಅರ್ಧ ಗಂಟೆ ಹಾಕಿಕೊಂಡು ಕೂತು ರೂಢಿ ಮಾಡಿಕೊಳ್ಳಿ ಅಂತ ಮಷೀನು ಕೊಟ್ಟ ಹುಡುಗ ಹೇಳಿದ. ಅದು ಕೆಲಸ ಮಾಡಿತು. ಆರನೇ ರಾತ್ರಿ ಹನ್ನೊಂದಕ್ಕೆ ಮಲಗಿದವನು ಬೆಳಿಗ್ಗೆ ಆರಕ್ಕೆ ಎದ್ದೆ, ಅಲಾರಂ ಇಲ್ಲದೆ. ಕಿಟಕಿಯಲ್ಲಿ ಬೆಳಕು ಇನ್ನೂ ಸರಿಯಾಗಿ ಬಂದಿರಲಿಲ್ಲ. ಏನು ಮಾಡಬೇಕು ಅಂತ ಗೊತ್ತಾಗದೆ ಹಾಸಿಗೆ ಮೇಲೆ ಕೂತಿದ್ದೆ. ಆ ಹೊತ್ತಿನಲ್ಲಿ ಏಳುವುದು ಮರೆತೇಹೋಗಿತ್ತಲ್ಲ.

ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಮಷೀನು ಹಾಕಿಕೊಂಡರೆ ತೂಕ ತಾನಾಗಿ ಇಳಿಯುವುದಿಲ್ಲ. ಕೆಲವರಿಗೆ ಸ್ವಲ್ಪ ಏರುತ್ತದೆ ಅಂತ ಡಾಕ್ಟರೇ ಎಚ್ಚರಿಸಿದ್ದರು. ಆದರೆ ಬೆಳಿಗ್ಗೆ ಎದ್ದಾಗ ತಲೆ ಹಗುರವಾಗಿತ್ತು. ಅಷ್ಟಿದ್ದರೆ ಮಿಕ್ಕ ಕೆಲಸಕ್ಕೆ ಕೈ ಹಾಕಬಹುದು ಅನ್ನಿಸಿತು.

ಮಿಕ್ಕ ಕೆಲಸ ಅಂದರೆ ಊಟ. ಡಾಕ್ಟರು ಡಯಟ್ ಚೀಟಿ ಕೊಡಲಿಲ್ಲ. "ಎರಡು ವಾರ ಏನೂ ಬದಲಾಯಿಸಬೇಡಿ. ತಿಂದಿದ್ದನ್ನ ಬರೆದಿಡಿ, ಟೈಮ್ ಸಮೇತ" ಅಂದರು. ಇನ್ನೂರು ಪುಟದ ಒಂದು ನೋಟ್‌ಬುಕ್ ತಗೊಂಡೆ.

ಮೊದಲ ವಾರ ಆ ಪುಸ್ತಕದಲ್ಲಿ ನಾನು ಬರೆದಿದ್ದು ಬರೀ ಸುಳ್ಳು. ಬೇಕು ಅಂತಲ್ಲ. ನಾಲ್ಕು ಮಿರ್ಚಿ ತಿಂದು ಎರಡು ಅಂತ ಬರೆದಿದ್ದೆ, ಯಾಕಂದರೆ ಕೊನೆಯ ಎರಡು ಗೆಳೆಯನ ತಟ್ಟೆಯಿಂದ ತಗೊಂಡಿದ್ದು. ಟೀ ಜೊತೆ ಕೊಡುವ ಬಿಸ್ಕತ್ತು ಲೆಕ್ಕಕ್ಕೇ ಇಲ್ಲ. ಗಿರಾಕಿ ತಂದ ಸ್ವೀಟು ಪ್ರಸಾದದ ಲೆಕ್ಕ. ಹೆಂಡತಿ ಓದಿ ನೋಡಿ, "ಇಷ್ಟೇ ತಿಂದು ಈ ಹೊಟ್ಟೆ ಬಂದಿದ್ರೆ ನಿಮ್ಮನ್ನ ಮ್ಯೂಸಿಯಂನಲ್ಲಿ ಇಡಬೇಕು ರೀ" ಅಂದಳು. ಎರಡನೇ ವಾರ ಅಂಗಡಿ ಹುಡುಗನ ಕೈಗೆ ಪುಸ್ತಕ ಕೊಟ್ಟೆ. ಹಗಲಿನದು ಅವನು, ರಾತ್ರಿಯದು ಮಗಳು. ಆಗ ನಿಜ ಹೊರಗೆ ಬಂತು.

ಏಳು ಟೀ, ತಲಾ ಎರಡು ಚಮಚ ಸಕ್ಕರೆ. ಹದಿನಾಲ್ಕು ಚಮಚ ಅಂದರೆ ಹತ್ತಿರ ಹತ್ತಿರ 60 ಗ್ರಾಂ. ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅನ್ನುತ್ತಾರೆ. ಮೇಲಿಂದ ಕೊನೆಯ ಟೀ ರಾತ್ರಿ ಒಂಬತ್ತಕ್ಕೆ. ಕುಡಿದ ಕೆಫೀನ್‌ನಲ್ಲಿ ಅರ್ಧ ಕರಗಲು ಸುಮಾರು ಐದು ಗಂಟೆ ಬೇಕು. ಒಂಬತ್ತರ ಟೀ ರಾತ್ರಿ ಎರಡಕ್ಕೂ ಅರ್ಧ ಒಳಗೇ ಇರುತ್ತಿತ್ತು.

ಎಣ್ಣೆಯ ಲೆಕ್ಕ ಹಾಕಿದ್ದು ಹೆಂಡತಿ. ಐದು ಲೀಟರಿನ ಕ್ಯಾನ್ ಮೇಲೆ ತೆರೆದ ದಿನ ಸ್ಕೆಚ್ ಪೆನ್ನಿನಲ್ಲಿ ತಾರೀಖು ಬರೆದಳು. ಇಪ್ಪತ್ನಾಲ್ಕು ದಿನಕ್ಕೆ ಖಾಲಿ. ಮನೆಯಲ್ಲಿ ನಾಲ್ಕು ಜನ. ಭಾಗಿಸಿದರೆ ತಲೆಗೆ ದಿನಕ್ಕೆ 50 ಮಿಲಿ ಮೇಲೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಹೇಳುವುದು 20ರಿಂದ 30 ಗ್ರಾಂ. ಹೊರಗಿನ ಮಿರ್ಚಿಯ ಎಣ್ಣೆ ಇದರಲ್ಲಿ ಸೇರಿಲ್ಲ, ಅದು ಬೇರೆ ಖಾತೆ. ಎಣ್ಣೆ ಯಾವುದೇ ಇರಲಿ, ಗ್ರಾಮಿಗೆ ಒಂಬತ್ತು ಕ್ಯಾಲೊರಿ. ಗಾಣದ್ದಾದರೂ ಅಷ್ಟೇ, ಪ್ಯಾಕೆಟ್ಟಿನದಾದರೂ ಅಷ್ಟೇ. ನಾವು ಬ್ರಾಂಡ್ ಬದಲಾಯಿಸಲಿಲ್ಲ, ಬಾಟಲಿಯಿಂದ ಬಗ್ಗಿಸುವುದನ್ನ ಬಿಟ್ಟು ಚಮಚದಲ್ಲಿ ಅಳೆದು ಹಾಕಲು ಶುರು ಮಾಡಿದೆವು. ಈಗ ಅದೇ ಕ್ಯಾನ್ ನಲವತ್ತು ದಿನ ಬರುತ್ತದೆ. ಬದನೆಕಾಯಿ ಎಣ್ಣೆಗಾಯಿ ಮೊದಲಿನ ಹಾಗಿಲ್ಲ, ಅದನ್ನ ಒಪ್ಪಿಕೊಳ್ಳಲೇಬೇಕು. ಎಣ್ಣೆ ತೇಲದ ಎಣ್ಣೆಗಾಯಿಗೆ ಬೇರೆ ಹೆಸರು ಇಡಬೇಕು.

ನನಗೆ ದೊಡ್ಡ ಆಶ್ಚರ್ಯ ಆಗಿದ್ದು ರೊಟ್ಟಿ ವಿಷಯದಲ್ಲಿ. ಅನ್ನ ತಿಂದರೆ ದಪ್ಪ, ರೊಟ್ಟಿ ಮುದ್ದೆ ತಿಂದರೆ ಸಣ್ಣ ಅಂತ ಎಲ್ಲರೂ ಹೇಳುತ್ತಾರೆ ಅಲ್ವಾ? ಲೆಕ್ಕ ನೋಡಿದರೆ ನೂರು ಗ್ರಾಂ ಅಕ್ಕಿ, ನೂರು ಗ್ರಾಂ ಜೋಳ, ನೂರು ಗ್ರಾಂ ರಾಗಿ ಮೂರರಲ್ಲೂ 320ರಿಂದ 350 ಕ್ಯಾಲೊರಿ ಆಸುಪಾಸು. ವ್ಯತ್ಯಾಸ ಇರುವುದು ನಾರಿನಲ್ಲಿ, ರಾಗಿಯಾದರೆ ಸುಣ್ಣದ ಅಂಶದಲ್ಲಿ. ರೊಟ್ಟಿ ಅಗಿಯಬೇಕು, ಹೊತ್ತು ಹಿಡಿಯುತ್ತದೆ, ಬೇಗ ಹಸಿವಾಗುವುದಿಲ್ಲ. ಅದೆಲ್ಲ ನಿಜ. ಆದರೆ ನಾನು ರೊಟ್ಟಿ ಒಳ್ಳೆಯದು ಅಂತ ನಾಲ್ಕು ತಿಂದು, ಊಟ ಪೂರ್ತಿ ಆಗಲಿಲ್ಲ ಅಂತ ಮೇಲೆ ಅನ್ನ ಉಣ್ಣುತ್ತಿದ್ದೆ. ರೊಟ್ಟಿ ಜೊತೆ ಶೇಂಗಾ ಚಟ್ನಿ ಬೇರೆ. ಚಟ್ನಿ ಅಂದರೆ ನಾಲಿಗೆಗೆ ಹಚ್ಚಿಕೊಳ್ಳುವುದಲ್ಲ, ಪಲ್ಯದ ಹಾಗೆ ಬಡಿಸಿಕೊಳ್ಳುವುದು. ಒಂದು ಹಿಡಿ ಶೇಂಗಾ, ಅಂದರೆ ಮೂವತ್ತು ಗ್ರಾಂ, 170 ಕ್ಯಾಲೊರಿ.

ಪುಸ್ತಕದಲ್ಲಿ ಟೈಮ್ ಬರೆದಿದ್ದರಿಂದ ಇನ್ನೊಂದು ಸಂಗತಿ ಕಂಡಿತು. ದಿನದ ಊಟದಲ್ಲಿ ಅರ್ಧಕ್ಕಿಂತ ಜಾಸ್ತಿ ಸಂಜೆ ಏಳರ ಮೇಲೆ. ಮಧ್ಯಾಹ್ನ ಮೂರೂವರೆಗೆ ಬರೀ ಅನ್ನ ಸಾರು ಗಬಗಬ ಉಣ್ಣುತ್ತಿದ್ದೆ. ಏಳು ಗಂಟೆಗೆ ಜೀವ ಹೋಗುವಷ್ಟು ಹಸಿವು. ಅದಕ್ಕೆ ಮಿರ್ಚಿ. ಮಿರ್ಚಿ ತಿಂದಿದ್ದಕ್ಕೆ ರಾತ್ರಿ ಊಟ ಹತ್ತೂಮುಕ್ಕಾಲು. ತಡವಾಗಿ ಉಂಡಿದ್ದಕ್ಕೆ ಎದೆಯುರಿ, ನಿದ್ದೆ ಇಲ್ಲ. ನಿದ್ದೆ ಇಲ್ಲದ್ದಕ್ಕೆ ಏಳು ಟೀ. ಪ್ರೂಫಿನಲ್ಲಿ ಒಂದು ಸಾಲು ಜರುಗಿದರೆ ಕೆಳಗಿನ ಪುಟವೆಲ್ಲ ಜರುಗುತ್ತದಲ್ಲ, ಹಾಗೆ.

ಹಾಗಾಗಿ ಮಿರ್ಚಿ ಬಿಡುವ ಶಪಥ ಮಾಡಲಿಲ್ಲ. ಮಧ್ಯಾಹ್ನದ ಊಟ ಒಂದೂವರೆಗೆ ತಂದೆ. ಅಂಗಡಿ ಬಾಗಿಲು ಅರ್ಧ ಗಂಟೆ ಅರ್ಧ ಎಳೆಯುತ್ತೇನೆ, ಗಿರಾಕಿ ಯಾರೂ ಓಡಿಹೋಗಲಿಲ್ಲ. ಎರಡು ರೊಟ್ಟಿ, ಒಂದು ಬಟ್ಟಲು ಕಾಳು ಪಲ್ಯ, ಕೋಸಂಬರಿ ಅಥವಾ ಹಸಿ ತರಕಾರಿ, ಮಜ್ಜಿಗೆ. ನಮ್ಮ ಮನೆಯಲ್ಲಿ ಮೊಟ್ಟೆ ಮಾಂಸ ಇಲ್ಲ, ಹಾಗಾಗಿ ಹೆಸರುಕಾಳು, ಮಡಿಕೆಕಾಳು, ಕಡಲೆ, ಮೊಸರು ಇವೇ ಪ್ರೋಟೀನ್. ಐದೂವರೆಗೆ ಬೇಯಿಸಿದ ಕಡಲೆ ಒಂದು ಹಿಡಿ. ಇದನ್ನ ತಿಂದರೆ ಏಳು ಗಂಟೆಯ ಹಸಿವು ಬರುತ್ತದೆ, ಆದರೆ ಜೋರು ಮಾಡುವುದಿಲ್ಲ. ಮಿರ್ಚಿ ಶನಿವಾರ ಮಾತ್ರ, ಎರಡು. ರಾಂ ಅಂಡ್ ಕೋ ಸರ್ಕಲ್ ಕಡೆ ಗಾಡಿ ತಿರುಗಿಸುವುದನ್ನೇ ಬಿಟ್ಟು ಬೇರೆ ರಸ್ತೆ ಹಿಡಿದೆ. ಆ ವಾಸನೆ ಎದುರು ಯಾವ ತಿಳಿವಳಿಕೆಯೂ ನಿಲ್ಲುವುದಿಲ್ಲ.

ರಾತ್ರಿ ಊಟ ಎಂಟಕ್ಕೆ ತರುವುದು ಕಷ್ಟವಾಯಿತು. ಅಂಗಡಿ ಮುಚ್ಚುವುದೇ ಒಂಬತ್ತೂವರೆಗೆ. ಕೊನೆಗೆ ಡಬ್ಬಿ ತರಿಸಿಕೊಂಡು ಅಂಗಡಿಯಲ್ಲೇ ಉಣ್ಣತೊಡಗಿದೆ. ಇದನ್ನ ಅವ್ವನಿಗೆ ಹೇಳಲು ಹೆದರಿಕೆ ಇತ್ತು. ಬಿಸಿ ರೊಟ್ಟಿ ಬಡಿದು ನನಗೆ ಬಡಿಸುವುದು ಅವಳೇ, ಎಪ್ಪತ್ತು ದಾಟಿದ ಮೇಲೂ ಸೊಸೆಗೆ ಬಿಟ್ಟುಕೊಟ್ಟಿರಲಿಲ್ಲ. ಬೇಜಾರು ಮಾಡಿಕೊಳ್ಳುತ್ತಾಳೆ ಅಂದುಕೊಂಡು ಮೂರು ದಿನ ತಡೆದು ಹೇಳಿದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಹಂಗಾರೆ ನಾನು ಒಂಬತ್ತಕ್ಕೆ ಮಕ್ಕೊಬೋದೇನಪ್ಪ?" ಅಂದಳು.

ಹದಿನೆಂಟು ವರ್ಷ ಅವ್ವ ನನ್ನ ರೊಟ್ಟಿಗಾಗಿ ಹನ್ನೊಂದರವರೆಗೆ ಎದ್ದಿರುತ್ತಿದ್ದಳು. ಅವಳಿಗೂ ನಿದ್ದೆ ಬೇಕು ಅಂತ ನನಗೆ ಒಂದು ದಿನವೂ ಹೊಳೆದಿರಲಿಲ್ಲ.

ವ್ಯಾಯಾಮದ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಬೆಳಿಗ್ಗೆ ಕುಂದುವಾಡ ಕೆರೆ ಏರಿ ಮೇಲೆ ಅರ್ಧ ಗಂಟೆ, ವಾರಕ್ಕೆ ಐದು ದಿನ. ವಾರಕ್ಕೆ ನೂರೈವತ್ತು ನಿಮಿಷ ಆಗಬೇಕು ಅನ್ನುವ ಲೆಕ್ಕಕ್ಕೆ ಅದು ಸರಿಹೋಗುತ್ತದೆ. ರಾತ್ರಿ ಉಂಡ ಮೇಲೆ ಅಂಗಡಿ ಸಾಲಿನಲ್ಲೇ ಹತ್ತು ಹದಿನೈದು ನಿಮಿಷ ಅಡ್ಡಾಡುತ್ತೇನೆ, ಊಟದ ನಂತರ ಏರುವ ಸಕ್ಕರೆ ಇಷ್ಟರಲ್ಲೇ ತಗ್ಗುತ್ತದೆ. ತೂಕ ಇಳಿಯುವಾಗ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ, ಭಾರ ಎತ್ತಬೇಕು ಅಂದರು. ಜಿಮ್ ಹೆಸರು ಕೇಳಿದರೆ ನನಗೆ ಕಟ್ಟಿದ ಫೀಸು ನೆನಪಾಗುತ್ತದೆ. ಅಂಗಡಿಯಲ್ಲಿ ಎ4 ರೀಮ್‌ಗಳಿಗೇನು ಬರವೇ? 75 ಜಿಎಸ್ಎಂ ಕಾಗದದ ಒಂದು ರೀಮ್ 2.3 ಕಿಲೋ. ಎರಡು ಕೈಲಿ ಎರಡೆರಡು ಹಿಡಿದು ಎತ್ತಿ ಇಳಿಸುವುದು, ಕುರ್ಚಿಯಿಂದ ಎದ್ದು ಕೂರುವುದು. ನೋಡಿದ ಗಿರಾಕಿಗಳು ಸ್ಟಾಕ್ ಎಣಿಸುತ್ತಿದ್ದಾನೆ ಅಂದುಕೊಂಡರು.

ತೂಕದ ಯಂತ್ರ ಮಾತ್ರ ನನ್ನನ್ನ ಚೆನ್ನಾಗಿ ಆಟವಾಡಿಸಿತು. ಮೊದಮೊದಲು ದಿನಕ್ಕೆ ಮೂರು ಸಲ ಹತ್ತುತ್ತಿದ್ದೆ. ಒಂದು ಶನಿವಾರ ಎರಡು ಮಿರ್ಚಿ, ಉಪ್ಪಿನಕಾಯಿ ಜೊತೆ ಮೊಸರನ್ನ. ಭಾನುವಾರ ಬೆಳಿಗ್ಗೆ 1.2 ಕಿಲೋ ಜಾಸ್ತಿ! ಎದೆ ಧಸಕ್ಕೆಂದಿತು. ಆಮೇಲೆ ತಿಳಿಯಿತು, ಒಂದು ಕಿಲೋ ಕೊಬ್ಬು ಏರಬೇಕಾದರೆ ಸುಮಾರು 7,700 ಕ್ಯಾಲೊರಿ ಮೇಲೆ ತಿನ್ನಬೇಕು. ಎರಡು ಮಿರ್ಚಿಗೆ ಅಷ್ಟು ತಾಕತ್ತಿಲ್ಲ. ಉಪ್ಪು ಹಿಡಿದಿಟ್ಟುಕೊಂಡ ನೀರು ಅದು, ಎರಡು ದಿನಕ್ಕೆ ಹೋಯಿತು. ಆಗಿನಿಂದ ವಾರಕ್ಕೊಂದೇ ಸಲ, ಬುಧವಾರ ಬೆಳಿಗ್ಗೆ ತೂಗುತ್ತೇನೆ.

ಮೇ ಕೊನೆಗೆ 84.9. ಆಗಸ್ಟಿಗೆ 82.1. ಅಲ್ಲಿಂದ ಗಾಡಿ ನಿಂತೇಹೋಯಿತು. ಏಳು ವಾರ ಅದೇ ನಂಬರು. ಊಟ ಇನ್ನಷ್ಟು ಕಡಿಮೆ ಮಾಡಿ ನೋಡಿದೆ, ರಾತ್ರಿ ಮತ್ತೆ ಡಬ್ಬಿ ಹುಡುಕುವಂತಾಯಿತು. ಡಾಕ್ಟರು, ದೇಹ ಹಗುರಾದ ಮೇಲೆ ಅದಕ್ಕೆ ಬೇಕಾಗುವುದೂ ಕಡಿಮೆ, ಗಾಬರಿ ಬೇಡ, ಪುಸ್ತಕ ಮತ್ತೆ ತೆರೆಯಿರಿ ಅಂದರು. ತೆರೆದರೆ ಅಲ್ಲೇ ಇತ್ತು. ಒಂದು ಹಿಡಿ ಕಡಲೆ ಎರಡು ಹಿಡಿ ಆಗಿತ್ತು. ಮೂರಕ್ಕೆ ಇಳಿಸಿದ್ದ ಟೀ ಐದಾಗಿತ್ತು. ದೀಪಾವಳಿಗೆ ಹೋಳಿಗೆ ತುಪ್ಪ ಉಂಡು ಒಂದೂವರೆ ಕಿಲೋ ಏರಿಸಿಕೊಂಡೆ, ಅದನ್ನ ಇಳಿಸಲು ಡಿಸೆಂಬರ್ ಪೂರ್ತಿ ಹೋಯಿತು. ಹೋಳಿಗೆ ತಿಂದಿದ್ದಕ್ಕೆ ಬೇಜಾರಿಲ್ಲ.

ಊರವರ ಮಾತು ಬೇರೆ. ದಪ್ಪ ಇದ್ದಾಗ ಯಾರೂ ಏನೂ ಕೇಳಲಿಲ್ಲ. ಐದು ಕಿಲೋ ಇಳಿದ ಕೂಡಲೇ ಶುರು. "ಏನ್ರಿ ಸೊರಗಿಬಿಟ್ಟಿದೀರಿ, ಶುಗರ್ರಾ?" ಶುಗರ್ ಬರಬಾರದು ಅಂತ ಇಳಿಸಿದ್ದು ಕಣ್ರಿ ಅಂದರೆ ಮುಖದಲ್ಲಿ ಪಾಪ ಅನ್ನುವ ನಗು. ಒಬ್ಬರಂತೂ ಗುಟ್ಟಾಗಿ ಯಾವುದೋ ಕಷಾಯದ ವಿಳಾಸ ಬರೆದುಕೊಟ್ಟರು.

2025ರ ಜೂನ್‌ನಲ್ಲಿ 79.1 ಕಿಲೋ. ಹದಿನಾರು ತಿಂಗಳಿಗೆ 9.3 ಕಿಲೋ. ಹತ್ತು ದಿನದಲ್ಲಿ ಹತ್ತು ಕಿಲೋ ಅನ್ನುವ ಜಾಹೀರಾತಿನ ಮುಂದೆ ಇದೇನೂ ಅಲ್ಲ. ಬಿಎಂಐ 28, ಲೆಕ್ಕದ ಪ್ರಕಾರ ಇವತ್ತಿಗೂ ನಾನು ಬೊಜ್ಜಿನವನೇ. ಸೊಂಟ 95. ಎಚ್‌ಬಿಎ1ಸಿ 5.6, ಬಿಪಿ ಮಾತ್ರೆಯಿಲ್ಲದೆ 126/82. ಉಸಿರು ನಿಲ್ಲುವ ಪರೀಕ್ಷೆ ಮತ್ತೆ ಮಾಡಿಸಿದಾಗ ಹತ್ತೊಂಬತ್ತು ಇದ್ದದ್ದು ಒಂಬತ್ತಾಗಿತ್ತು. ಹಗಲಿನಲ್ಲಿ ತೂಕಡಿಕೆ ಇಲ್ಲದ್ದರಿಂದ ಮಷೀನು ಬಿಟ್ಟು ನೋಡೋಣ, ಒಂದು ಮಗ್ಗುಲಾಗಿ ಮಲಗಿ ಅಂದರು. ಇದನ್ನ ಓದಿ ಯಾರೂ ತಾವಾಗಿ ಮಷೀನು ತೆಗೆದಿಡಬೇಡಿ. ತೂಕ ಇಳಿದರೂ ಅದು ಬೇಕಾಗುವವರು ಬಹಳ ಜನ ಇದ್ದಾರೆ.

9.3 ಕಿಲೋ ಅಂದರೆ ಎಷ್ಟು ಅಂತ ಒಂದು ದಿನ ಅಂಗಡಿಯಲ್ಲೇ ನೋಡಿದೆ. ನಾಲ್ಕು ರೀಮ್ ಒಂದರ ಮೇಲೊಂದು ಇಟ್ಟು, ದಾರ ಕಟ್ಟಿ, ಎತ್ತಿ ಹೊಟ್ಟೆಗೆ ಒತ್ತಿ ಹಿಡಿದು ಬಾಗಿಲಿನಿಂದ ಜೆರಾಕ್ಸ್ ಮಷೀನಿನವರೆಗೆ ನಾಲ್ಕು ಸಲ ಓಡಾಡಿದೆ. ಐದನೇ ಸಲಕ್ಕೆ ಸೊಂಟ ಹಿಡಿಯಿತು. ಇದನ್ನ ಕಟ್ಟಿಕೊಂಡು ಮೆಟ್ಟಿಲು ಹತ್ತುತ್ತಿದ್ದೆ, ಮಲಗುತ್ತಿದ್ದೆ.

ಅದೇ ತಿಂಗಳು ಆ ಹುಡುಗಿಯ ಅಪ್ಪ ಮತ್ತೆ ಬಂದರು. ಮೊಮ್ಮಗಳ ನಾಮಕರಣದ ಕಾರ್ಡು, ಇನ್ನೂರು. ನನ್ನ ಹತ್ತಿರವೇ ಬಂದರಲ್ಲ ಅಂತ ಖುಷಿ, ಒಳಗೊಳಗೆ ಹೆದರಿಕೆ. ಪ್ರೂಫ್ ಕೊಟ್ಟೆ. ಕನ್ನಡಕ ಹಾಕಿಕೊಂಡು ತಾರೀಖನ್ನ ಗಟ್ಟಿಯಾಗಿ ಓದಿದರು. ನನ್ನ ಕೈಲೂ ಓದಿಸಿದರು. ಅಂಗಡಿ ಹುಡುಗನನ್ನ ಕರೆದು ಅವನ ಕೈಲೂ ಓದಿಸಿದರು. ಆಮೇಲೆ ನನ್ನ ಮುಖ ನೋಡಿ, "ರಾತ್ರಿ ನಿದ್ದೆ ಚೆನ್ನಾಗಿ ಆಗಿದೆ ತಾನೇ?" ಅಂದರು.

"ಏಳು ಗಂಟೆ ಆಗಿದೆ ರೀ" ಅಂದೆ.

ಸಹಿ ಹಾಕಿ, ಚೀಲದಿಂದ ಪೇಡದ ಡಬ್ಬಿ ತೆಗೆದು ಮುಂದಿಟ್ಟರು. ಅವರು ಹೋದ ಮೇಲೆ ಹುಡುಗ ಡ್ರಾಯರ್ ಎಳೆದು ಪುಸ್ತಕ ತೆಗೆದ. "ಎಷ್ಟು ಬರೀಲಿ ಅಣ್ಣ, ಒಂದಾ?"

"ಎರಡು ಬರಿ" ಅಂದೆ.